ಫಲಕದಲ್ಲಿ ಹಿಡಿಸದ್ದು

ಅರಣ್ಯ ಇಲಾಖೆಯವರು ಕೊಟ್ಟ ತಗಡು
ಮೂರಡಿ, ಎರಡಡಿ.
ಹಸಿರು ಬಳಿದು ಒಣಗಿಸಿದ್ದೇನೆ. ಬಿಳಿ ಅಕ್ಷರ.
ಮೇಲೆ ಹೆಸರು, ಕೆಳಗೆ ನಿಯಮ,
ನಡುವೆ ಸ್ಥಳದ ಇತಿಹಾಸ.
"ಆರು ಸಾಲು ಸಾಕು ಪೈಂಟರ್ರೇ"
ಅಂದಿದ್ದಾರೆ ಗಾರ್ಡು.

ಸ್ವರ್ಣೆ ಇಲ್ಲಿ ಕುದ್ರುವನ್ನು ಬಳಸಿ ಎರಡಾಗುತ್ತಾಳೆ,
ಅದಕ್ಕೇ ಬೇಕು ಒಂದೂವರೆ ಸಾಲು.
ಉಳಿದದ್ದರಲ್ಲಿ ಕಾಂಡ್ಲಾ, ನೀರುನಾಯಿ, ಮಿಂಚುಳ್ಳಿ,
ಚಳಿಗೆ ಬರುವ ಉದ್ದಕೊಕ್ಕಿನ ಹಕ್ಕಿಗಳು.
"ಹಿಂದೆ ಇಲ್ಲೊಂದು ಕಡವು ಇತ್ತು":
ನಾಲ್ಕು ಪದ. ಜಾಗ ಮುಗಿಯಿತು.

ಹಿಡಿಸದ್ದು ಇದು.

ಹೊನ್ನೆಕುದ್ರುವಿನ ಇಪ್ಪತ್ತೆರಡು ಮನೆಗೆ
ಒಂದೇ ಓಡ, ಒಬ್ಬನೇ ಬೂದ ಮರಕಾಲ.
ತಲೆಗೆ ಐದು ಪೈಸೆ, ಸೈಕಲ್ಲಿಗೆ ಹತ್ತು,
ಕುದ್ರುವಿನವರಿಗೆ ಕಾಸಿಲ್ಲ, ಕೊಯ್ಲಿಗೆ ಮನೆಗೊಂದು ಕಳಸೆ ಭತ್ತ.
ದನಕ್ಕೆ ಪುಕ್ಕಟೆ. ಅದು ಈಜಬೇಕು,
ಹಗ್ಗ ಹಿಡಿದು ಕೂತವನು ಮಾತ್ರ ಐದು ಪೈಸೆ ಕೊಡಬೇಕು.
ಪಂಚಾಯತಿನವರು ವರ್ಷಕ್ಕೊಮ್ಮೆ ಕಡವನ್ನು ಏಲಂ ಹಾಕುತ್ತಿದ್ದರು.
ಕೂಗುವವರು ಹಲವರು; ಆಟಿಯ ನೀರು ನೆನೆದು
ಒಬ್ಬೊಬ್ಬರೇ ಜಾರಿದ ಮೇಲೆ
ಉಳಿಯುತ್ತಿದ್ದವನು ಬೂದ.

ಅವನಿಗೆ ಕಿವಿ ಕೇಳದು.
ಕಡವಿಗೆ ಕೆಪ್ಪ ಅಂಬಿಗ!
ಈ ದಡದಲ್ಲಿ ನಿಂತವರು
ಎರಡೂ ಕೈ ಬಾಯಿಗೆ ಕೊಟ್ಟು "ಓಡಾ... ಓ..." ಎಂದು
ಹೊಟ್ಟೆಯಿಂದ ಎಳೆದು ಕೂಗಿದರೆ
ಕೇಳಿಸುತ್ತಿದ್ದುದು ಅಪ್ಪಿಗೆ, ಅವನ ಹೆಂಡತಿಗೆ,
ಮೀನು ಕೊಯ್ಯುವಾಗ, ಮಗುವಿಗೆ ಹಾಲೂಡುವಾಗ,
ನಿದ್ದೆಯಲ್ಲೂ.
ಅವನ ಭುಜದ ಮೇಲೆ ಅವಳ ಬೆರಳು:
ಒಮ್ಮೆ ತಟ್ಟಿದರೆ ಬರಿಯ ಪಯಣಿಗ,
ಎರಡು ಸಲ ತಟ್ಟಿದರೆ ಹೊರೆಯಿದೆ, ಉದ್ದದ ಜಲ್ಲೆ ತಗೋ,
ಅಂಗೈ ಇಡೀ ಒತ್ತಿದರೆ
ಸೂಲಗಿತ್ತಿ ಬಂದು ನಿಂತಿದ್ದಾಳೆ,
ಇಲ್ಲಾ ಸಾವಿನ ಸುದ್ದಿ.
ಎರಡಕ್ಕೂ ಒಂದೇ ಗುರುತು ಯಾಕೆ ಎಂದು
ಶಾಲೆ ಬಿಟ್ಟು ಬರುವಾಗ ಒಂದು ಸಂಜೆ ಕೇಳಿದ್ದೆ.
"ಎರಡಕ್ಕೂ ಒಂದೇ ಜೋರಿನಲ್ಲಿ ಜಲ್ಲೆ ಹಾಕಬೇಕಲ್ಲ ಮಾರಾಯ."

ಇನ್ನೊಂದುಂಟು.
ಮಳೆ ನಿಂತ ಮೇಲೆ, ಇಳಿನೀರಿನ ಹೊತ್ತು
ಬೂದ ಮೊಣಕಾಲು ಕೆಸರಿನಲ್ಲಿ ಬಗ್ಗಿ
ಓಡ ತಂಗುವಲ್ಲಿ ನೆಟ್ಟಗೆ ಚುಚ್ಚಿಕೊಂಡ
ಕಾಂಡ್ಲಾ ಕೋಡುಗಳನ್ನು ಕೀಳುತ್ತಿದ್ದ.
ಬಿಟ್ಟರೆ ದಾರಿ ಮುಚ್ಚಿತು.
ಮೂವತ್ತು ಮಳೆಗಾಲ ಕಿತ್ತ.
ಸೇತುವೆ ಬಂತು. ಉದ್ಘಾಟನೆಯ ದಿನ
ಅವನಿಗೂ ಒಂದು ಶಾಲು, ಒಂದು ತೆಂಗಿನಕಾಯಿ.
ಆ ವರ್ಷ ಕೀಳಲಿಲ್ಲ.
ಮರುವರ್ಷ ಹೋಗಿ ಬಗ್ಗಿ, ಒಂದನ್ನು ಹಿಡಿದು,
ಬಿಟ್ಟು ಎದ್ದು ಬಂದನಂತೆ.

ಈಗ ಜನ ಕ್ಯಾಮೆರಾ ಹಿಡಿದು ನಿಲ್ಲುವ
ಆ ದಟ್ಟ ಪೊದೆಯಿದೆಯಲ್ಲ, ಅದರ ಅಗಲ
ಸರಿಯಾಗಿ ಒಂದು ಓಡದ ಉದ್ದ.
ಕಂಬಕ್ಕೆ ಗುಂಡಿ ತೋಡುವಾಗ ಅಳೆದಿದ್ದೇನೆ.
"ಇಲಾಖೆಯಿಂದ ನೆಡಲಾಗಿದೆ" ಎಂಬ ಸಾಲು
ಮೇಲುಗಡೆಯ ಗಿಡಗಳಿಗೆ ನಿಜ.
ಇವನ್ನು ಯಾರೂ ನೆಟ್ಟದ್ದಲ್ಲ,
ಒಬ್ಬ ಕೀಳುವುದನ್ನು ಬಿಟ್ಟ.

ನಿಯಮ ಐದು:
"ಮೌನವಾಗಿರಿ. ಕೂಗಬೇಡಿ."
'ಕೂ' ಬರೆದಲ್ಲಿ ಬ್ರಶ್ಶು ನಿಂತಿತು.
ಕೂಗದೆ ಇಲ್ಲಿ ಯಾರು ದಾಟಿದ್ದಾರೆ?
ಬರೆದೆ. ಕೂಲಿ ತಗೊಂಡಾಗಿದೆ.
ಡಬ್ಬ ಮುಚ್ಚಿ, ಸೀಮೆಎಣ್ಣೆಯಲ್ಲಿ ಕೈ ತೊಳೆದು,
ಅತ್ತಿತ್ತ ನೋಡಿ
ಎರಡೂ ಕೈ ಬಾಯಿಗೆ ಕೊಟ್ಟೆ.

ಬೆಳ್ಳಕ್ಕಿಗಳು ಎದ್ದು ಹೋದವು. ತಪ್ಪು ನನ್ನದೇ.

ಮರುದಿನ ಮೀನು ಮಾರ್ಕೆಟ್ಟಿನಲ್ಲಿ ಅಪ್ಪಿಯ ಸೊಸೆ ಸಿಕ್ಕಳು.
"ನಿನ್ನೆ ಸಂಜೆ ಅತ್ತೆ ಜಗಲಿಯಲ್ಲಿ ತೂಕಡಿಸುತ್ತಿದ್ದವರು
ಕಣ್ಣು ಮುಚ್ಚಿಕೊಂಡೇ ಪಕ್ಕದ ಕಂಬ ತಟ್ಟಿದರು ನೋಡಿ,"
ಅನ್ನುತ್ತಾ ಬಂಗುಡೆಯ ಕಿವಿರು ಎತ್ತಿ ನೋಡಿದಳು.

ಎಷ್ಟು ಸಲ ತಟ್ಟಿದರು, ಕೇಳಿದೆ.

"ಒಮ್ಮೆ."